ಊದುವ ಮುನ್ನ ಎರಡು ಮಾತು

ಶನಿವಾರ ರಾತ್ರಿ ಬೆಂಗಳೂರಿನ ರಸ್ತೆಯಲ್ಲಿ ಬ್ಯಾರಿಕೇಡ್ ಕಂಡರೆ ಸಾಕು, ಹನಿ ಮುಟ್ಟದವರ ಎದೆಯೂ ಡವಗುಟ್ಟುತ್ತದೆ. ಕಾನೂನು ಗೊತ್ತಿಲ್ಲದಿರುವುದೇ ಈ ಭಯಕ್ಕೆ ಅರ್ಧ ಕಾರಣ. 1988ರ ಮೋಟಾರು ವಾಹನ ಕಾಯ್ದೆಯಂತೆ, ವಾಹನ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಸಾರವಿದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ.

ಸಮವಸ್ತ್ರದಲ್ಲಿರುವ ಪೊಲೀಸರು, ಸಕಾರಣ ಶಂಕೆಯಿದ್ದಾಗ, ಉಸಿರು ಪರೀಕ್ಷಿಸುವ ಉಪಕರಣ ಹಿಡಿದು ‘ಊದಿ’ ಎನ್ನಬಹುದು. ‘ಊದಲ್ಲ’ ಎಂದು ಪಟ್ಟು ಹಿಡಿದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದು. ಆ ನಿರಾಕರಣೆ ಮುಂದೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ನಿಲ್ಲಬಹುದು. ಬಂಧನದ ನಂತರ ಮಾತ್ರ ಹೊಣೆ ಪೊಲೀಸರ ಕಡೆಗೆ ವಾಲುತ್ತದೆ. ಅದೇ ಕಾಯ್ದೆಯ 202ನೇ ಸೆಕ್ಷನ್ ಪ್ರಕಾರ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಲೇಬೇಕು, ಆಗದಿದ್ದರೆ ಬಿಟ್ಟು ಕಳಿಸಬೇಕು. ರಕ್ತದ ಮಾದರಿ ಪಡೆಯಲು ನೋಂದಾಯಿತ ವೈದ್ಯರೇ ಬೇಕು. ಪುರುಷ ವೈದ್ಯರು ಮಹಿಳೆಯ ರಕ್ತ ತೆಗೆಯುವಾಗ ಇನ್ನೊಬ್ಬ ಮಹಿಳೆ ಹಾಜರಿರಬೇಕು. ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ.

ಕುಡಿದು ಓಡಿಸುವವರ ಮೇಲೆ ನಮಗೆ ಎಳ್ಳಷ್ಟೂ ಕನಿಕರವಿಲ್ಲ. ನಮ್ಮ ತಕರಾರೇನಿದ್ದರೂ ರಸ್ತೆಬದಿಯ ‘ಸೆಟ್ಲ್‌ಮೆಂಟ್’ ಬಗ್ಗೆ. ಕುಡಿದು ಓಡಿಸಿದ ಪ್ರಕರಣ ಕೋರ್ಟಿಗೇ ಹೋಗಬೇಕು. ನಿಂತಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ. ಹಾಗಿದ್ದ ಮೇಲೆ ಕತ್ತಲಲ್ಲಿ ಕೈ ಬದಲಾಗುವ ನೋಟು ಎಂಥದ್ದೆಂದು ಬಿಡಿಸಿ ಹೇಳಬೇಕೆ? ಅದಕ್ಕೇ, ಊದಿದ ಮೇಲೆ ಉಪಕರಣದ ಪರದೆಯ ಮೇಲಿನ ಅಂಕಿಯನ್ನು ತೋರಿಸಿ ಎಂದು ಕೇಳಿ, ಸಮಾಧಾನದಿಂದಲೇ.