ಬಾಟಲಿ ಕೊಟ್ಟವರು ಯಾರು?

ಪಿಯುಸಿ ಪರೀಕ್ಷೆ ಮುಗಿದಿದೆ. "ಉಮ್ಮಾ, ಇವತ್ತು ರಾತ್ರಿ ಗೆಳೆಯನ ಮನೆಯಲ್ಲಿ ಪಾರ್ಟಿ" ಎನ್ನುತ್ತಾನೆ ಮಗ. ಯಾರ ಮನೆ, ಯಾರೆಲ್ಲ ಬರುತ್ತಾರೆ, ಎಷ್ಟು ಗಂಟೆಗೆ ಹಿಂದಿರುಗುತ್ತೀ ಎಂದು ನೀವು ಕೇಳುತ್ತೀರಿ. ಆ ಮನೆಯ ಹಿರಿಯರು ಅಂದು ಮನೆಯಲ್ಲಿರುತ್ತಾರೆಯೇ ಎಂದು ಕೇಳಿದ್ದೀರಾ? ನಮ್ಮ ಮನೆಗೆ ಮದ್ಯ ಬರುವುದೇ ಇಲ್ಲ, ಈ ಕಾನೂನು ನಮಗೇಕೆ ಎಂದು ಸಹೋದರಿಯರು ಪುಟ ತಿರುಗಿಸಬಾರದು.

2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ತೀರಾ ಚಿಕ್ಕದು. 18 ವರ್ಷ ತುಂಬದವರಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ, ಕೊಡಿಸಿದವರಿಗೆ 7 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ವೈದ್ಯರು ಬರೆದುಕೊಟ್ಟಿದ್ದಕ್ಕೆ ಮಾತ್ರ ವಿನಾಯಿತಿ. ಅಂಗಡಿಯವನು, ಬಾರಿನವನು ಎಂದೇನೂ ಅದರಲ್ಲಿಲ್ಲ. ಯಾರು ಕೊಟ್ಟರೂ ಅಪರಾಧವೇ. ಹೆತ್ತವರೂ ಅದರಿಂದ ಹೊರಗಿಲ್ಲ. "ಹೊರಗೆಲ್ಲೋ ಕುಡಿಯುವ ಬದಲು ನಮ್ಮ ಕಣ್ಣೆದುರೇ ಒಂದು ಬಿಯರ್ ಕುಡಿಯಲಿ ಬಿಡಿ" ಎನ್ನುವ ಉದಾರಿ ತಂದೆಯಂದಿರೂ ನಗರಗಳಲ್ಲಿದ್ದಾರೆ. ಹದಿನಾರರ ಹುಡುಗನ ಗ್ಲಾಸಿಗೆ ಪ್ರೀತಿಯಿಂದ ಸುರಿದರೂ ಲಾಭಕ್ಕಾಗಿ ಸುರಿದರೂ ಕಾನೂನಿಗೆ ಒಂದೇ. ಮದ್ಯದ ವಿಷಯದಲ್ಲಿ ಪ್ರವಾದಿ(ಸ)ರು ಕುಡಿಯುವವನ ಜೊತೆ ಅದನ್ನು ಹೊರುವವನನ್ನೂ ಸುರಿದು ಕೊಡುವವನನ್ನೂ ಸೇರಿಸಿ ಶಪಿಸಿದ್ದು ನಿಮಗೆ ತಿಳಿದೇ ಇದೆ.

ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಪಿಯುಸಿ ಮುಗಿಯುವ ಹೊತ್ತಿಗೆ ಒಂದೇ ತರಗತಿಯಲ್ಲಿ ಕೆಲವರಿಗೆ 18 ತುಂಬಿರುತ್ತದೆ, ಕೆಲವರಿಗೆ ಇಲ್ಲ. ನಿಮ್ಮ ಮಗ ಒಂದು ಹನಿಯನ್ನೂ ಮುಟ್ಟದಿರಬಹುದು. ಆದರೆ ಗೆಳೆಯರೆಲ್ಲ ಹಣ ಒಟ್ಟುಮಾಡಿ, "ನೀನು ದೊಡ್ಡವನ ಹಾಗೆ ಕಾಣ್ತೀಯ, ನೀನೇ ಹೋಗಿ ತಾ" ಎಂದು ಕಳುಹಿಸಿದರೆ, ತಂದು ಕೊಟ್ಟವನು ಅವನೇ. 18 ತುಂಬಿದ್ದರೆ ಬಾಲಕನೆಂಬ ರಕ್ಷಣೆಯೂ ಅವನಿಗಿಲ್ಲ. ಸಿಗರೇಟು, ಗುಟ್ಕಾಗಳಿಗೂ ಇದೇ ಸೆಕ್ಷನ್. ಮದುವೆ ಮನೆಯಲ್ಲಿ ತಮಾಷೆಗೆಂದು ಹುಡುಗರ ಕೈಗೆ ಸಿಗರೇಟು ಕೊಡುವ ಮಾವಂದಿರಿಗೆ ಇದನ್ನು ಓದಿ ಹೇಳಿ.

ಮಕ್ಕಳನ್ನು ಮನೆಯಲ್ಲಿ ಬಿಟ್ಟು ಊರಿಗೆ ಹೋದ ಹೆತ್ತವರ ಗತಿಯೇನು? ಅವರಿಗೆ ಏನೂ ತಿಳಿಯದೆ ಹುಡುಗರು ಗುಟ್ಟಾಗಿ ಕುಡಿದರೆ, ಅಷ್ಟಕ್ಕೇ ಹೆತ್ತವರು ಅಪರಾಧಿಗಳಾಗುವುದಿಲ್ಲ. ತಿಳಿದೂ ಕಣ್ಣುಮುಚ್ಚಿದರೆ ಮಾತು ಬೇರೆ. ಮಗುವಿನ ಹೊಣೆ ಹೊತ್ತವರು ಬೇಕೆಂದೇ ತೋರುವ ನಿರ್ಲಕ್ಷ್ಯಕ್ಕೆ 75ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಸಜೆಯಿದೆ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಇಬ್ಬರು ಯುವ ಇಂಜಿನಿಯರರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಪಾರ್ಟಿ ನಡೆದದ್ದು ಪಬ್ಬಿನಲ್ಲಿ, ತಂದೆ ಜೊತೆಗಿರಲಿಲ್ಲ. ಆದರೂ ಮಗ ಕುಡಿಯುತ್ತಾನೆಂದು ತಿಳಿದೂ ಪಾರ್ಟಿಗೆ ಕಳುಹಿಸಿದರು, ಲೈಸೆನ್ಸ್ ಇಲ್ಲದವನಿಗೆ ಕಾರು ಕೊಟ್ಟರು ಎಂದು ಪೊಲೀಸರು ಈ ಎರಡೂ ಸೆಕ್ಷನ್‌ಗಳಡಿ ತಂದೆಯನ್ನು ಬಂಧಿಸಿದರು. ಕೆಲವೇ ದಿನಗಳಲ್ಲಿ ತಾಯಿಯೂ ಬಂಧನಕ್ಕೊಳಗಾದರು. ಪರೀಕ್ಷೆಗೆ ಮಗನ ರಕ್ತದ ಬದಲು ತನ್ನ ರಕ್ತ ಕೊಟ್ಟರೆಂಬುದು ಆಕೆಯ ಮೇಲಿನ ಆರೋಪ.

ಮುಚ್ಚಿಡುವ ಈ ಆತುರವೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಮಗ ತೂರಾಡುತ್ತಾ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಮುಚ್ಚುವುದು ಕಿಟಕಿಯನ್ನು. ನೆರೆಯವರಿಗೆ ಗೊತ್ತಾಗಬಾರದು, ಅವನ ತಂದೆಗೆ ಗೊತ್ತಾಗಬಾರದು ಎಂದು ಲಿಂಬೆ ರಸ ಕುಡಿಸಿ ಕೋಣೆಯಲ್ಲಿ ಮಲಗಿಸುತ್ತಾರೆ. ಲಿಂಬೆಯಾಗಲಿ ಮಜ್ಜಿಗೆಯಾಗಲಿ ರಕ್ತ ಸೇರಿದ ಮದ್ಯವನ್ನು ಇಳಿಸುವುದಿಲ್ಲ. ಕರೆದರೆ ಎಚ್ಚರವಾಗದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ, ಪ್ರಜ್ಞೆಯಿಲ್ಲದೆ ವಾಂತಿ ಮಾಡಿದರೆ ಅದು ಪ್ರಾಣಾಪಾಯ. ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬನೇ ಬಿಡದೆ, ಕೂಡಲೇ 108ಕ್ಕೆ ಕರೆ ಮಾಡಿ. 77ನೇ ಸೆಕ್ಷನ್ ಇರುವುದು ಕೊಟ್ಟವರಿಗೆ; ಕುಡಿದ ಮಗುವಿಗೆ ಅದರಲ್ಲಿ ಶಿಕ್ಷೆಯಿಲ್ಲ. ಏನು ಕುಡಿದ, ಎಷ್ಟು ಕುಡಿದ, ಯಾವಾಗ ಕುಡಿದ ಎಂಬುದನ್ನು ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.