ಶಾಲೆಯ ಅಂಗಳಕ್ಕೆ ಕಾಯಂ ಚಾವಣಿ ಬೇಕೇ?

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಬಂದರೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡವರಿಗೆ ಈ ರಿಯಾಯಿತಿ ಕೊಡಿಸಿದ ಬಿಸಿಲು ಮಾರ್ಚ್‌ನಲ್ಲೇ ಶಾಲೆಯ ಅಂಗಳಕ್ಕೆ ಇಳಿದಿರುತ್ತದೆ. ಪ್ರಾರ್ಥನೆ, ಡ್ರಿಲ್ಲು, ಎಷ್ಟೋ ಕಡೆ ಬಿಸಿಯೂಟ ಕೂಡ ಅದೇ ಅಂಗಳದಲ್ಲಿ. ನಗರದ ಐವಾನ್-ಎ-ಶಾಹಿ ಸುತ್ತಲಿನ ಶಾಲೆಯಾಗಲಿ, ಕಮಲಾಪುರ ತಾಲೂಕಿನ ಹಳ್ಳಿಯ ಶಾಲೆಯಾಗಲಿ, ಸ್ವಲ್ಪ ಹಣ ಕೈಗೆ ಬಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದೆ ನಿಲ್ಲುವ ಪ್ರಶ್ನೆ ಇದು: ಅಂಗಳಕ್ಕೆ ಒಂದು ಕಾಯಂ ಚಾವಣಿ ಹಾಕಿಸಿಬಿಡೋಣವೇ?

ಪರ: ನೆರಳು ಈ ವರ್ಷವೇ ಬೇಕು

ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಶುರುವಾದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಿಂದ. ಅನ್ನ ಸಾರು ಬಂತು, ಹಾಲು ಬಂತು, ಮೊಟ್ಟೆ ಬಂತು. ಕುಳಿತು ಉಣ್ಣುವ ಜಾಗ ಮಾತ್ರ ಅನೇಕ ಶಾಲೆಗಳಲ್ಲಿ ಇನ್ನೂ ಬಂದಿಲ್ಲ. ಮಾರ್ಚ್‌ನ ಮಧ್ಯಾಹ್ನ ಕಾದ ಫರ್ಸಿಯ ಮೇಲೆ ಬರಿಗಾಲು ಊರುವುದೇ ಕಷ್ಟ, ಅಲ್ಲಿ ತಟ್ಟೆ ಹಿಡಿದು ಕೂರುವುದೆಂದರೆ ಏನು? ಜೂನ್ ನಂತರ ಅದೇ ಅಂಗಳ ಕೆಸರು. ಆಗ ಮಕ್ಕಳು ತರಗತಿಯಲ್ಲೇ ಪುಸ್ತಕ ಸರಿಸಿ ಉಣ್ಣುತ್ತಾರೆ, ಚೆಲ್ಲಿದ ಸಾರಿನ ಪಕ್ಕದಲ್ಲೇ ಗಣಿತ ಕಲಿಯುತ್ತಾರೆ.

ಗಿಡ ಹಚ್ಚಿ ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಬೇವಿನ ಗಿಡ ನೂರು ಮಕ್ಕಳಿಗೆ ನೆರಳು ಕೊಡುವಷ್ಟು ಹರಡುವ ಹೊತ್ತಿಗೆ, ಹಚ್ಚಿದ ಒಂದನೇ ತರಗತಿಯ ಮಗು ಶಾಲೆಯನ್ನೇ ಬಿಟ್ಟು ಹೋಗಿರುತ್ತದೆ. ಗಿಡ ಮಳೆಯನ್ನೂ ತಡೆಯುವುದಿಲ್ಲ.

ಅಂಗಳವನ್ನೇ ಮುಚ್ಚುವುದು ಈ ಊರಿಗೆ ಹೊಸದೇನೂ ಅಲ್ಲ. ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿ. ಕಜ್ವಿನ್‌ನಿಂದ ಬಂದ ರಫಿ 1367ರಲ್ಲಿ ಕಟ್ಟಿದ್ದು. ಮಸೀದಿಯೆಂದರೆ ನಡುವೆ ತೆರೆದ ಅಂಗಳ ಇರುವುದು ರೂಢಿ. ಇಲ್ಲಿ ಅಂಗಳವೇ ಇಲ್ಲ. ಸುಮಾರು 216 ಅಡಿಗೆ 176 ಅಡಿ, ಅಷ್ಟೂ ಗುಮ್ಮಟಗಳ ಕೆಳಗೆ. ಬದಿಗಳಲ್ಲಿ ಅಗಲವಾದ ಕಮಾನುಗಳು ತೆರೆದಿರುವುದರಿಂದ ಒಳಗೆ ಬೆಳಕೂ ಇದೆ, ಗಾಳಿಯೂ ಇದೆ. ಶಾಲೆಗೆ ಬೇಕಾದದ್ದೂ ಅಷ್ಟೇ: ಮೇಲೆ ಮುಚ್ಚಿರಬೇಕು, ಬದಿ ತೆರೆದಿರಬೇಕು.

ಏನನ್ನು ಹಾಕಿಸಬೇಕು ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಗ್ರೀನ್ ನೆಟ್ ಅಗ್ಗ, ಆದರೆ ಮಳೆ ಸೋರುತ್ತದೆ, ಬಿಸಿಲಿಗೆ ಒಣಗಿ ಹರಿಯುತ್ತದೆ. ಬರಿಯ ಪತ್ರಾ ಕಾದು ಕೆಳಗೆ ಕುಳಿತವರ ತಲೆಗೆ ಝಳ ಹೊಡೆಯುತ್ತದೆ. ಮಳೆ ಬಿದ್ದರೆ ಮಾಸ್ತರರ ಮಾತು ಮುಂದಿನ ಸಾಲಿಗೂ ಕೇಳದು. ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆಯನ್ನು ಉಕ್ಕಿನ ಕಂಬಗಳಿಗೆ ಬಿಗಿದು ಎಳೆಯುವ ಟೆನ್ಸೈಲ್ ಚಾವಣಿ ಈ ಎರಡೂ ತೊಂದರೆಗಳಿಗೆ ಉತ್ತರ. ತಿಳಿ ಬಣ್ಣದ್ದಾದರೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಇಳಿಜಾರು ಸರಿಯಿದ್ದರೆ ನೀರು ಒಂದು ಮೂಲೆಗೆ ಬರುತ್ತದೆ. 40 ಅಡಿಗೆ 60 ಅಡಿಯ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಅದನ್ನು ತೊಟ್ಟಿಗೆ ಹರಿಸಿದರೆ ಶೌಚಾಲಯಕ್ಕೆ, ಕೈತೋಟಕ್ಕೆ ಬಂತು.

ದುಡ್ಡೆಲ್ಲಿ ಎಂದು ಕೇಳುವವರಿಗೆ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದೇ ಇಂಥ ಕೊರತೆ ನೀಗಿಸಲು, ಅದರ ಕಚೇರಿಯೂ ಇದೇ ಐವಾನ್-ಎ-ಶಾಹಿಯಲ್ಲಿದೆ. ಕೇಳಬೇಕು.

ವಿರೋಧ: ಗಾಳಿಗೆ ಉತ್ತರ ಕೊಡದೆ ಕಂಬ ನೆಡಬೇಡಿ

ಜಾಮಿ ಮಸೀದಿಯ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಆ ಗುಮ್ಮಟಗಳು ಆರೂವರೆ ಶತಮಾನ ನಿಂತದ್ದು ತಮ್ಮ ಭಾರದಿಂದ. ಎಂಥ ಗಾಳಿ ಬಂದರೂ ಕಲ್ಲು ಗಾರೆಯ ಆ ಹೊರೆಯನ್ನು ಎತ್ತಲಾರದು. ಟೆನ್ಸೈಲ್ ಬಟ್ಟೆಗೆ ಚದರ ಮೀಟರಿಗೆ ಒಂದು ಕಿಲೋದ ಆಸುಪಾಸು ತೂಕ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಚದರ ಮೀಟರಿನ ಮೇಲೆ ಹಾಕುವ ಒತ್ತಡ, ಸ್ಥೂಲ ಲೆಕ್ಕದಲ್ಲಿ, 47 ಕಿಲೋ. ಮೇಲೆ ಹೇಳಿದ 40 ಅಡಿಗೆ 60 ಅಡಿಯ ಚಾವಣಿಗೆ ಅದು ಹತ್ತು ಟನ್ ದಾಟುತ್ತದೆ. ಬದಿ ತೆರೆದ ಚಾವಣಿಯಲ್ಲಿ ಗಾಳಿ ಕೆಳಗಿನಿಂದ ನುಗ್ಗಿ ಮೇಲಕ್ಕೆತ್ತುತ್ತದೆ. ಬಟ್ಟೆ ಬೀಳದಂತೆ ಕಂಬ ನೆಟ್ಟರೆ ಸಾಲದು, ಹಾರದಂತೆ ನೆಲಕ್ಕೆ ಹಿಡಿದಿಡಬೇಕು. ಗುತ್ತಿಗೆದಾರರು ತೋರಿಸುವ ಬಣ್ಣದ ಚಿತ್ರದಲ್ಲಿ ಈ ಲೆಕ್ಕ ಇರುವುದಿಲ್ಲ.

ಇನ್ನು ನೆಲ. ನಮ್ಮದು ಬಹುಪಾಲು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಎರಡು ಅಡಿ ಗುಂಡಿ ತೋಡಿ ಕಾಂಕ್ರೀಟು ಸುರಿದ ಕಂಬ ಇಲ್ಲಿ ವರ್ಷವರ್ಷವೂ ಅಲುಗುತ್ತದೆ. ಕಂಬ ಸ್ವಲ್ಪ ಓಲಿದರೆ ಬಟ್ಟೆಯ ಬಿಗಿ ಹೋಗುತ್ತದೆ, ಸಡಿಲಾದ ಕಡೆ ನೀರು ನಿಲ್ಲುತ್ತದೆ. ಪರ ವಾದದವರು ತೊಟ್ಟಿಗೆ ಹರಿಸುತ್ತೇವೆಂದ 5,500 ಲೀಟರ್ ಇದೆಯಲ್ಲ, ಅದು ಐದೂವರೆ ಟನ್. ಅದರಲ್ಲಿ ಸ್ವಲ್ಪವೇ ಮಕ್ಕಳ ತಲೆಯ ಮೇಲೆ ನಿಂತರೂ ಅಪಾಯ. ಎರೆ ನೆಲಕ್ಕೆ ತಳ ಅಗಲಿಸಿ ಕಟ್ಟುವ ಅಂಡರ್ ರೀಮ್ಡ್ ಪೈಲ್ ಇದೆ. ಅದನ್ನು ಹಾಕಿದರೆ ನನ್ನ ಅರ್ಧ ತಕರಾರು ಮುಗಿಯುತ್ತದೆ. ಆದರೆ ಕಾಣದ ತಳಕ್ಕೆ ಖರ್ಚು ಮಾಡಲು ಎಷ್ಟು ಸಮಿತಿಗಳು ಒಪ್ಪುತ್ತವೆ?

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ನಮ್ಮಲ್ಲಿ ಬಿರುಗಾಳಿ, ಆಲಿಕಲ್ಲು, ಸಿಡಿಲಿನ ಜೋರು ಏಪ್ರಿಲ್ ಮೇ ತಿಂಗಳಲ್ಲಿ. ಆಗ ಶಾಲೆಗೆ ರಜೆ. ಹಗ್ಗ ಬಿಗಿ ಮಾಡುವವರಿಲ್ಲ, ಹರಿದದ್ದನ್ನು ನೋಡುವವರಿಲ್ಲ. ಜೂನ್‌ನಲ್ಲಿ ಮಕ್ಕಳು ಬಂದು ಕೂರುವುದು ಆ ಬೇಸಿಗೆ ಸಡಿಲಿಸಿಟ್ಟ ಬೋಲ್ಟುಗಳ ಕೆಳಗೆ.

ಬೆಂಕಿಯ ಮಾತನ್ನು ಎತ್ತದೆ ವಿಧಿಯಿಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲಾ ಸಮಾರಂಭಕ್ಕೆ ಹಾಕಿದ್ದ ಸಿಂಥೆಟಿಕ್ ಶಾಮಿಯಾನಕ್ಕೆ ಕಿಡಿ ತಗುಲಿ 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಬಹಳ. 2004ರ ಜುಲೈ 16ರಂದು ಕುಂಭಕೋಣಂನಲ್ಲಿ ಶಾಲೆಯ ಗರಿ ಚಾವಣಿ ಹೊತ್ತಿ 94 ಮಕ್ಕಳು ಹೋದರು. ಆ ದುರಂತದ ನಂತರವೇ ಸುಪ್ರೀಂ ಕೋರ್ಟ್ 2009ರಲ್ಲಿ ಶಾಲೆಗಳ ಸುರಕ್ಷತೆಗೆ ಆದೇಶ ಕೊಟ್ಟದ್ದು. ಬಿಸಿಯೂಟದ ಅಡುಗೆಮನೆಗೆ ಅಂಟಿಕೊಂಡು ಬಟ್ಟೆಯ ಚಾವಣಿ ಹಾಕುವವರು ಈ ಎರಡು ಊರುಗಳ ಹೆಸರನ್ನು ಮರೆಯಬಾರದು. ಉಕ್ಕಿನ ಕಂಬಕ್ಕೂ ವಿದ್ಯುತ್ ತಂತಿಗೂ ಇರುವ ಸಂಬಂಧ ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. 2019ರ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿ ನಿಲಯವೊಂದರಲ್ಲಿ ಧ್ವಜಸ್ತಂಭ ಇಳಿಸುವಾಗ ತಂತಿಗೆ ತಾಗಿ ಐವರು ಹುಡುಗರು ಸತ್ತರು. ಸಿಡಿಲಿಗೆ ಗಿಡವೂ ಆಸರೆಯಲ್ಲ, ಬದಿ ತೆರೆದ ಚಾವಣಿಯೂ ಆಸರೆಯಲ್ಲ. ಗುಡುಗು ಕೇಳಿದರೆ ಮಕ್ಕಳು ತರಗತಿಯೊಳಗೆ ಇರಬೇಕು.

ಹಾಗಾದರೆ ಬಿಸಿಲಲ್ಲೇ ಕೂರಿಸುವುದೇ? ಅಲ್ಲ. ಅದೇ ಹಣದಲ್ಲಿ ಶಾಲೆಯ ಪಡಸಾಲೆಯನ್ನು ಅಗಲಿಸಿ. ಹತ್ತು ಅಡಿ ಅಗಲ, 60 ಅಡಿ ಉದ್ದ ಇದ್ದರೆ ನೂರರಷ್ಟು ಮಕ್ಕಳು ಒಂದು ಪಂಕ್ತಿಗೆ ಕೂರುತ್ತಾರೆ, ಎರಡು ಪಂಕ್ತಿಗೆ ಇಡೀ ಶಾಲೆ ಉಂಡಿತು. ನೆಲಕ್ಕೆ ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯಲ್ಲೇ ಇದೆ, ಕಟ್ಟುವ ಗೌಂಡಿಯೂ ಊರಲ್ಲೇ ಇದ್ದಾನೆ, ಕೆಟ್ಟರೆ ರಿಪೇರಿಗೆ ಪರ ಊರಿನ ಕಂಪನಿಗೆ ಫೋನು ಹಚ್ಚಬೇಕಿಲ್ಲ. ಅಂಗಳದ ಪಶ್ಚಿಮಕ್ಕೆ ಬೇವು, ಹೊಂಗೆ ಹಚ್ಚಿ. ಇಂದಿನ ಮಕ್ಕಳಿಗೆ ಪಡಸಾಲೆ, ನಾಳಿನವರಿಗೆ ಗಿಡ.

ಇಷ್ಟಾದ ಮೇಲೂ ಟೆನ್ಸೈಲ್ ಚಾವಣಿಯೇ ಬೇಕೆನ್ನುವ ಸಮಿತಿಗೆ ನನ್ನ ವಿನಂತಿ ಒಂದೇ. ಮುಂಗಡ ಹಣ ಕೊಡುವ ಮುಂಚೆ ಮೂರು ಕಾಗದ ಕೇಳಿ: ಐಎಸ್ 875ರ ಮೂರನೇ ಭಾಗದಂತೆ ಗಾಳಿಯ ಲೆಕ್ಕ ಹಾಕಿ ಎಂಜಿನಿಯರ್ ಸಹಿ ಮಾಡಿದ ನಕ್ಷೆ, ನಿಮ್ಮ ಅಂಗಳದ ಮಣ್ಣು ಪರೀಕ್ಷೆಯ ವರದಿ, ಬಟ್ಟೆ ಬೆಂಕಿ ಹರಡದೆಂಬ ಪ್ರಮಾಣಪತ್ರ. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಗುತ್ತಿಗೆದಾರರನ್ನು ವಾಪಸು ಕಳಿಸಿ.