ಮಿರ್ಜಾ ಎಂಬ ಹೆಸರೂ ವಂಶಾಭಿಮಾನವೂ

ಹೆಸರಿನ ಅರ್ಥವನ್ನು ಹೇಳಿದ ಮಾತ್ರಕ್ಕೆ ಹೆಸರಿನ ಇತಿಹಾಸವನ್ನು ಹೇಳಿದಂತಾಗುವುದಿಲ್ಲ. ಈ ಸಾಮಾನ್ಯ ಸಂಗತಿಯನ್ನು ಸುಶಿಕ್ಷಿತರೂ ಮರೆಯುತ್ತಿರುವುದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು. "ಮಿರ್ಜಾ ಎಂದರೆ ರಾಜಕುಮಾರ; ಆದಕಾರಣ ಮಿರ್ಜಾ ಎಂಬ ಅಡ್ಡಹೆಸರುಳ್ಳವರೆಲ್ಲರೂ ರಾಜವಂಶೀಯರು" ಎಂಬ ವಾದವು ಹೆಸರುಗಳ ಅರ್ಥ ಹೇಳುವ ಸಣ್ಣ ಪುಸ್ತಕಗಳಿಂದ ಹೊರಟು ಸಭೆ-ಸಮಾರಂಭಗಳ ಪರಿಚಯಭಾಷಣಗಳವರೆಗೂ ಬಂದು ನಿಂತಿದೆ. ವಾದದ ಪೂರ್ವಾರ್ಧವು ಅರೆಸತ್ಯ. ಉತ್ತರಾರ್ಧವು ಶುದ್ಧ ಅಸತ್ಯ.

ಶಬ್ದದ ಮೂಲದಲ್ಲಿ ವಿವಾದವಿಲ್ಲ. ಅರಬ್ಬಿಯ "ಅಮೀರ" ಎಂದರೆ ಆಜ್ಞಾಪಿಸುವವನು, ದಳಪತಿ; ಪಾರಸಿಯ "ಜಾದಾ" ಎಂದರೆ ಹುಟ್ಟಿದವನು. ಇವೆರಡೂ ಕೂಡಿ "ಅಮೀರಜಾದಾ" ಆಗಿ, ಬಾಯಿಂದ ಬಾಯಿಗೆ ಸವೆದು "ಮಿರ್ಜಾ" ಆಯಿತು. ದಳಪತಿಯ ಮಗನೆಂದು ಅರ್ಥವೇ ಹೊರತು ರಾಜನ ಮಗನೆಂದಲ್ಲ. ರಾಜನಿಗೆ ಪಾರಸಿಯಲ್ಲಿ "ಶಾಹ" ಎಂಬ ಸ್ವಂತ ಶಬ್ದವಿದೆ; ಅವನ ಮಗನು "ಶಹಜಾದಾ". ಹಾಗಿರಲು ದಳಪತಿಯ ಮಗನು ರಾಜಕುಮಾರನಾದದ್ದು ಹೇಗೆ?

ಇದಕ್ಕೆ ಕಾರಣಪುರುಷನು ತೈಮೂರನು. ಮಧ್ಯ ಏಷ್ಯಾದಲ್ಲಿ ಆ ಕಾಲಕ್ಕೆ "ಖಾನ" ಎಂಬ ರಾಜಪದವಿಯು ಚೆಂಗಿಸಖಾನನ ಸಂತತಿಗೆ ಮಾತ್ರ ಸಲ್ಲತಕ್ಕದ್ದೆಂಬ ಕಟ್ಟಳೆಯಿತ್ತು. ತೈಮೂರನು ಆ ಸಂತತಿಯವನಲ್ಲ. ಡಿಲ್ಲಿಯಿಂದ ಡಮಾಸ್ಕಸಿನವರೆಗೆ ಪಟ್ಟಣಗಳನ್ನು ಸುಲಿದ ಆ ಪ್ರಚಂಡನು ಚೆಂಗಿಸ ವಂಶದ ಬೊಂಬೆಯೊಂದನ್ನು ಖಾನನೆಂದು ಕೂರಿಸಿ, ತಾನು ಅಮೀರನೆಂದು ಮಾತ್ರ ಕರೆಯಿಸಿಕೊಂಡು 1405ರಲ್ಲಿ ಕಾಲವಾದನು. ಅಮೀರನ ಮಕ್ಕಳು ಮೊಮ್ಮಕ್ಕಳು ಅಮೀರಜಾದೆಗಳಾದರು, ಎಂದರೆ ಮಿರ್ಜಾಗಳಾದರು. ವಾಚಕರು ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕು. ಯಾವ ಹೆಸರನ್ನು ಇಂದು ರಾಜರಕ್ತದ ಸಾಕ್ಷಿಯೆಂದು ಮುಂದಿಡುತ್ತಾರೋ ಆ ಹೆಸರು ಈ ಪ್ರಸಿದ್ಧಿಗೆ ಬಂದದ್ದೇ ರಾಜರಕ್ತದ ಕೊರತೆಯಿಂದ!

ತೈಮೂರನ ವಂಶಜರು ಸಿಂಹಾಸನದ ಮೇಲೆ ಕುಳಿತಾಗಲೂ ಮಿರ್ಜಾಗಳಾಗಿಯೇ ಉಳಿದರು. ಬಾಬರನ ತಂದೆ, ಫರ್ಗಾನಾದ ಅರಸನು, ಉಮರ ಶೇಖ ಮಿರ್ಜಾ. 1507ರಲ್ಲಿ ಕಾಬೂಲಿನಲ್ಲಿ ಬಾಬರನು ಈ ಪದ್ಧತಿಯನ್ನು ಬಿಟ್ಟು ತನ್ನನ್ನು "ಪಾದಶಾಹ" ಎಂದು ಕರೆಯಬೇಕೆಂದು ಆಜ್ಞೆ ಮಾಡಿದನು. ಅದನ್ನು ತನ್ನ ಆತ್ಮಚರಿತ್ರೆಯಲ್ಲಿ ತಾನೇ ಬರೆದಿಟ್ಟಿದ್ದಾನೆ. ಅರಸನು ಒಂದು ಮೆಟ್ಟಿಲು ಮೇಲಕ್ಕೇರಿದ ಮೇಲೆ ಮಿರ್ಜಾ ಎಂಬುದು ಅರಸುಮಕ್ಕಳ ಪಾಲಿಗೆ ಉಳಿಯಿತು. ಕಾಮ್ರಾನ ಮಿರ್ಜಾ, ಹಿಂದಾಲ ಮಿರ್ಜಾ ಮೊದಲಾದವರು ಅಂಥವರು. ಬಳಿಕ ಮೊಗಲ ದರಬಾರಿನಲ್ಲಿ ಅದು ಕೊಟ್ಟು ತೆಗೆದುಕೊಳ್ಳುವ ಬಿರುದೂ ಆಯಿತು. 1665ರಲ್ಲಿ ಶಿವಾಜಿಯೊಡನೆ ಪುರಂದರದ ಒಪ್ಪಂದ ಮಾಡಿಕೊಂಡು, ಆ ಬೆನ್ನಿಗೆ ನಮ್ಮ ವಿಜಾಪುರದ ಮೇಲೆ ದಂಡೆತ್ತಿ ಬಂದು, ಕೋಟೆಯನ್ನು ಮುಟ್ಟಲಾರದೆ ಹಿಂದಿರುಗಿದ ಆಂಬೇರದ ಜಯಸಿಂಹನು "ಮಿರ್ಜಾ ರಾಜಾ" ಎಂದೇ ಖ್ಯಾತನು. ಕಛವಾಹ ರಜಪೂತನಾದ ಆತನನ್ನು ನಮ್ಮ ವಂಶಾವಳಿಕಾರರು ತೈಮೂರನ ಮನೆತನಕ್ಕೆ ಸೇರಿಸುವರೇ? ಸೇರಿಸಲಾರರಷ್ಟೆ.

ಇನ್ನು ಪಾರಸೀಕ ದೇಶಕ್ಕೆ ಹೋಗೋಣ. ವಿಷಯವು ನಿಜವಾಗಿ ಸ್ವಾರಸ್ಯವಾಗುವುದು ಅಲ್ಲಿ. ಕಾಜಾರ ಅರಸರ ಕಾಲದಲ್ಲಿ ಈ ಶಬ್ದಕ್ಕೆ ಸ್ಥಾನಭೇದದಿಂದ ಅರ್ಥಭೇದವುಂಟಾಗಿತ್ತು. ಹೆಸರಿನ ಹಿಂದುಗಡೆ ಬಂದರೆ ರಾಜಪುತ್ರ. ಮುಂದುಗಡೆ ಬಂದರೆ ಓದುಬರಹ ಬಲ್ಲವನು, ದಫ್ತರದ ಮನುಷ್ಯ. ಅಬ್ಬಾಸ ಮಿರ್ಜಾ ಎಂದರೆ ಫತೇ ಅಲಿ ಶಾಹನ ಯುವರಾಜ. ಮಿರ್ಜಾ ಅಬ್ಬಾಸ ಎಂದರೆ ಕಾಗದ ಬರೆಯುವ ಯಾವನಾದರೂ ಅಬ್ಬಾಸ. ಬರೆಹಗಾರ ಗುಮಾಸ್ತನನ್ನು ತುಸು ಹಗುರಾಗಿ "ಮಿರ್ಜಾ ಬೆನೆವೀಸ್", ಎಂದರೆ "ಬರೆ, ಮಿರ್ಜಾ" ಎನ್ನುವ ರೂಢಿಯೂ ಪಾರಸಿಯಲ್ಲಿದೆ. 1896ರಲ್ಲಿ ನಾಸಿರುದ್ದೀನ ಶಾಹನನ್ನು ಗುಂಡಿಕ್ಕಿ ಕೊಂದವನು ಮಿರ್ಜಾ ರೆಜಾ ಕಿರ್ಮಾನಿ. ಪಟ್ಟಕ್ಕೆ ಬಂದವನು ಮುಜಫ್ಫರುದ್ದೀನ ಮಿರ್ಜಾ. ಹತಕನೂ ಮಿರ್ಜಾ, ಉತ್ತರಾಧಿಕಾರಿಯೂ ಮಿರ್ಜಾ. ಶಬ್ದವು ನಿಂತ ಜಾಗವನ್ನು ನೋಡದೆ ಅರ್ಥ ಹೇಳಹೊರಟವರು ಇಬ್ಬರನ್ನೂ ಒಂದೇ ತೊಟ್ಟಿಲಲ್ಲಿ ಮಲಗಿಸಬೇಕಾದೀತು.

ಆ ದೇಶದ ಮಿರ್ಜಾಗಳಲ್ಲೆಲ್ಲ ಹಿರಿಯನು ಯಾರೆಂದು ಕೇಳಿದರೆ ನಾನು ಮಿರ್ಜಾ ತಕೀ ಖಾನನ ಹೆಸರನ್ನು ಹೇಳುವೆನು. ಆತನು ಮಂತ್ರಿಯೊಬ್ಬನ ಮನೆಯ ಅಡಿಗೆಯವನ ಮಗ. ಯಜಮಾನನ ಮಕ್ಕಳ ಪಾಠವನ್ನು ಕೇಳಿ ಅಕ್ಷರ ಕಲಿತನೆಂದು ಹೇಳುತ್ತಾರೆ. ಆ ಅಕ್ಷರಬಲದಿಂದಲೇ ಪ್ರಧಾನಮಂತ್ರಿಯಾಗಿ, ಬೊಕ್ಕಸದ ದುಂದನ್ನು ತಡೆದು, ತೆಹರಾನಿನಲ್ಲಿ ದಾರುಲ್ ಫುನೂನ್ ಎಂಬ ವಿದ್ಯಾಶಾಲೆಗೆ ಅಸ್ತಿಭಾರ ಹಾಕಿದನು. ಅದು 1851ರಲ್ಲಿ ತೆರೆಯಿತು. 1852ರ ಜನವರಿಯಲ್ಲಿ ಕಾಶಾನದ ಬಳಿಯ ಸ್ನಾನಗೃಹದಲ್ಲಿ ರಾಜಾಜ್ಞೆಯಿಂದ ಆತನನ್ನು ಕೊಲ್ಲಲಾಯಿತು. ಚರಿತ್ರೆಯು ಆತನನ್ನು ಅಮೀರ ಕಬೀರ, ಮಹಾ ಅಮೀರ, ಎಂದು ಕರೆಯುತ್ತದೆ. ಹಾಗೆ ನೋಡಿದರೆ ಅಕ್ಷರಾರ್ಥದಲ್ಲಿ ಅಮೀರಜಾದೆಗಳು ಈ ಅಡಿಗೆಯವನ ಮೊಮ್ಮಕ್ಕಳೇ! ಅದೇ ಕಾಲದಲ್ಲಿ ಐವತ್ತಕ್ಕೆ ಮಿಕ್ಕಿದ ಗಂಡುಮಕ್ಕಳನ್ನು ಬಿಟ್ಟುಹೋಗಿದ್ದ ಫತೇ ಅಲಿ ಶಾಹನ ಜಾತಮಿರ್ಜಾಗಳಲ್ಲಿ ಎಷ್ಟು ಮಂದಿಯ ಹೆಸರು ಇಂದು ಯಾರ ನಾಲಗೆಯ ಮೇಲಿದೆ?

1925ರಲ್ಲಿ ಆ ದೇಶದ ಮಜ್ಲಿಸು ಹಳೆಯ ಬಿರುದುಗಳನ್ನು ರದ್ದುಮಾಡಿತು. ಪ್ರತಿಯೊಬ್ಬನೂ ಮನೆತನದ ಹೆಸರನ್ನು ಬರೆಯಿಸಬೇಕೆಂಬ ಕಾನೂನೂ ಅದೇ ವರ್ಷದ್ದು. ಬಿರುದಾಗಿ ಹೋದ ಮಿರ್ಜಾ ಅಡ್ಡಹೆಸರಿನೊಳಗೆ ಸೇರಿ ಬದುಕಿತು. ಮಿರ್ಜಾಯಿ, ಮಿರ್ಜಾಜಾದೆ, ಮಿರ್ಜಾಖಾನಿ ಎಂಬ ಹೆಸರುಗಳು ಅಂಥವು. 2014ರಲ್ಲಿ ಗಣಿತಶಾಸ್ತ್ರದ ಫೀಲ್ಡ್ಸ್ ಪದಕವನ್ನು ಪಡೆದ ಪ್ರಥಮ ಮಹಿಳೆ ಮರಿಯಂ ಮಿರ್ಜಾಖಾನಿ, 2017ರಲ್ಲಿ ನಾಲ್ವತ್ತು ವರ್ಷಕ್ಕೇ ತೀರಿಕೊಂಡವಳು, ಈ ಹೆಸರಿಗೆ ತಂದ ಮರ್ಯಾದೆಯನ್ನು ಯಾವ ಶಾಹನೂ ತರಲಿಲ್ಲ.

ಈ ಹೆಸರಿನ ಪ್ರಚಾರವು ಎಷ್ಟು ದೂರವೆಂದರೆ, ಕ್ರೈಸ್ತರಾದ ಆರ್ಮೇನಿಯನ್ನರಲ್ಲಿ ಅದು ಮಿರ್ಜೋಯಾನ್, ತಾತಾರರಲ್ಲಿ ಮುರ್ಜಾ, ಬೋಸ್ನಿಯಾದಲ್ಲಿ ಮಗುವಿಗಿಡುವ ಮುದ್ದಿನ ಹೆಸರು. ನಮ್ಮ ದೇಶದ ಪಾರ್ಸಿ ಪುರೋಹಿತ ಮನೆತನದಲ್ಲಿಯೂ ಉಂಟು. ಕವಿ ಗಾಲಿಬನಿಂದ ಟೆನಿಸ್ ಆಟಗಾರ್ತಿ ಸಾನಿಯಾವರೆಗೆ ಮಿರ್ಜಾಗಳು ಬಹುಮಂದಿ. ಇವರೆಲ್ಲರಿಗೂ ಒಬ್ಬ ಮೂಲಪುರುಷನನ್ನು ಕಲ್ಪಿಸುವುದು ಹುಚ್ಚು.

"ಹಾಗಾದರೆ ಈ ಹೆಸರಿಗೆ ಬೆಲೆಯೇ ಇಲ್ಲವೋ?" ಎಂದು ಕೆಲವರು ಕೇಳಬಹುದು. ಬೆಲೆಯುಂಟು, ಅದನ್ನು ತಪ್ಪು ತಕ್ಕಡಿಯಲ್ಲಿ ತೂಗಬಾರದೆಂಬುದೇ ನನ್ನ ತಕರಾರು. ಲೇಖನಿ ಹಿಡಿದವನಿಗೆ ರಾಜಪುತ್ರನ ಹೆಸರನ್ನೇ ಕೊಟ್ಟ ಜನಾಂಗದ ಬಗ್ಗೆ ಗೌರವ ಹುಟ್ಟಬೇಕಾದಲ್ಲಿ, ನಾವು ಲೇಖನಿಯನ್ನು ಒರೆಸಿಹಾಕಿ ಕಿರೀಟವನ್ನು ಮಾತ್ರ ತೋರಿಸುತ್ತೇವೆ. ನಮ್ಮ ಕಡೆಯ ಮನೆತನಗಳಲ್ಲಿಯೂ ಈ ಚಾಳಿ ಇಲ್ಲದಿಲ್ಲ. ಕಾರಕೂನ ಎಂಬುದೂ ಪಾರಸಿಯೇ, ಕೆಲಸ ಮಾಡುವವನೆಂದರ್ಥ. ಫಡ್ನೀಸನೆಂದರೆ ಲೆಕ್ಕದ ಫರ್ದು ಬರೆಯುವವನು. ದುಡಿಮೆಯಿಂದ ಬಂದ ಈ ಹೆಸರುಗಳನ್ನು ಮುಚ್ಚಿಕೊಂಡು, ಜಹಗೀರದಾರ ಇನಾಮದಾರರೆಂಬವನ್ನು ಲಗ್ನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿಸುವವರಿದ್ದಾರೆ. ಜಹಗೀರು ಹೋಗಿ ಎಷ್ಟೋ ದಶಕಗಳಾದವು. ಕನ್ಯಾಪರೀಕ್ಷೆಯಲ್ಲಿ ಅದರ ಹುಟ್ಟುವಳಿ ಇನ್ನೂ ನಿಂತಿಲ್ಲ. ಹೆಸರಿನ ಕುಲವನ್ನು ನೋಡಿ ವರನ ವಿದ್ಯೆಯನ್ನು ನೋಡದೆ ಹೆಣ್ಣುಮಕ್ಕಳನ್ನು ಕೊಟ್ಟು ಪಶ್ಚಾತ್ತಾಪಪಟ್ಟ ಮನೆಗಳು ವಾಚಕರಿಗೂ ಗೊತ್ತಿದ್ದಾವು.

ಮೈಸೂರು ಸೀಮೆಯವರಂತೂ ಈ ಭ್ರಾಂತಿಗೆ ಒಳಗಾಗಲೇಬಾರದು. 1926ರಿಂದ 1941ರವರೆಗೆ ಅಲ್ಲಿ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪಿತಾಮಹ ಅಲಿ ಅಸ್ಕರರು ಶಿರಾಜಿನಿಂದ ಬೆಂಗಳೂರಿಗೆ ಬಂದ ಕುದುರೆವ್ಯಾಪಾರಿಗಳು. ಅವರ ಹೆಸರಿನ ರಸ್ತೆ ಆ ನಗರದಲ್ಲಿದೆ. ಮೊಮ್ಮಗನನ್ನು ಜನರು ನೆನೆಯುವುದು ಬೃಂದಾವನದ ತೋಟಕ್ಕಾಗಿ, ನಗರಗಳ ಅಂದಕ್ಕಾಗಿ, ಅಮೀರಜಾದೆಯೆಂದಲ್ಲ. ಮುಂದೆ ಅವರು ಜಯಪುರದ ದಿವಾನರಾದರು, ಅಂದರೆ ಮಿರ್ಜಾ ರಾಜಾ ಜಯಸಿಂಹನ ವಂಶದವರ ಸಂಸ್ಥಾನಕ್ಕೆ. ಅಲ್ಲಿಯ ದೊಡ್ಡ ಪೇಟೆಬೀದಿ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆಯೆನಿಸಿಕೊಳ್ಳುತ್ತದೆ; ಅದು ಕುದುರೆವ್ಯಾಪಾರಿಯ ಮೊಮ್ಮಗನ ಹೆಸರು.